ಡಿಕ್ರಿ ಸಿಕ್ಕಿತು, ಜಮೀನು ಸಿಗಲಿಲ್ಲ: ಪಾಲಿನ ದಾವೆ ಎಲ್ಲೆಲ್ಲಿ ನಿಲ್ಲುತ್ತದೆ, ಯಾಕೆ

ಪಾಲಿನ ದಾವೆಯ ತೀರ್ಪಿನ ಕೊನೆಯ ಪುಟದಲ್ಲಿ ಸಾಮಾನ್ಯವಾಗಿ ಇರುವುದು ಇಷ್ಟೇ: ದಾವಾ ಷೆಡ್ಯೂಲ್ ಸ್ವತ್ತುಗಳಲ್ಲಿ ವಾದಿಗೆ ಐದನೇ ಒಂದು ಹಿಸ್ಸೆ ಇದೆ, ಅದರಂತೆ ಪ್ರಾಥಮಿಕ ಡಿಕ್ರಿ ತಯಾರಿಸತಕ್ಕದ್ದು. ವರ್ಷಗಟ್ಟಲೆ ಕೋರ್ಟಿಗೆ ಅಲೆದವರಿಗೆ ಆ ಎರಡು ಸಾಲೇ ಗೆಲುವು. ಆದರೆ ಅದರ ದೃಢೀಕೃತ ನಕಲು ಹಿಡಿದು ತಾಲ್ಲೂಕು ಕಚೇರಿಗೆ ಹೋದರೆ ಪಾಲು ಬೇರೆಯಾಗಿ ಹೊಸ ಪಹಣಿ ಬರುವುದಿಲ್ಲ. ಐದನೇ ಒಂದು ಎಂದರೆ ಯಾವ ಮೂಲೆ, ಬೋರ್‌ವೆಲ್ ಯಾರ ಕಡೆಗೆ, ರಸ್ತೆಗೆ ತಾಗಿದ ಭಾಗ ಯಾರಿಗೆ, ಹಿತ್ತಲಿಗೆ ಹೋಗುವ ದಾರಿ ಎಲ್ಲಿ, ಇದ್ಯಾವುದನ್ನೂ ಆ ತೀರ್ಪು ಹೇಳಿರುವುದಿಲ್ಲ. ಹೇಳಬೇಕಾದದ್ದು ಅಂತಿಮ ಡಿಕ್ರಿ. ಅದಕ್ಕೆ ಇನ್ನೊಂದು ಸುತ್ತು, ಅದಾದ ಮೇಲೆ ಸ್ವಾಧೀನಕ್ಕೆ ಮತ್ತೊಂದು ಸುತ್ತು.

ಸಿವಿಲ್ ದಾವೆ ಎಳೆಯುತ್ತದೆ ಎಂದಾಗ ಎಲ್ಲರೂ ದೂರುವುದು ವಾಯಿದೆಗಳನ್ನು. ವಾಯಿದೆಗಳು ನಿಜವೇ. ಆದರೆ ಹಳೆಯ ಪಾಲಿನ ದಾವೆಗಳ ಆರ್ಡರ್ ಶೀಟ್ ಓದುತ್ತಾ ಹೋದರೆ ಕಾಲ ಸೋರಿದ ಜಾಗ ಬೇರೆಯೇ ಕಾಣುತ್ತದೆ. ಸಾಕ್ಷಿ, ಪಾಟೀಸವಾಲು, ವಾದ ಇವೆಲ್ಲ ಹತ್ತಾರು ತಾರೀಖುಗಳಲ್ಲಿ ಮುಗಿಯುವ ಕೆಲಸ. ವರ್ಷಗಳನ್ನು ನುಂಗುವುದು ಎರಡು ತುದಿಗಳು: ದಾವೆ ಹೂಡುವಾಗ ಬಿಟ್ಟುಹೋದ ಹೆಸರು, ಬಿಟ್ಟುಹೋದ ಸ್ವತ್ತು, ತಲುಪದ ಸಮನ್ಸ್ ಒಂದು ಕಡೆ, ಡಿಕ್ರಿ ಆದ ಮೇಲಿನ ಅಳತೆ, ನಕ್ಷೆ, ಅಮಲ್ಜಾರಿ (ಡಿಕ್ರಿಯನ್ನು ಜಾರಿಗೆ ತರುವುದು) ಇನ್ನೊಂದು ಕಡೆ. ಈ ಎರಡೂ ತುದಿಗಳಲ್ಲಿ ಪಕ್ಷಗಾರರು ಮೊದಲೇ ತಿಳಿದು ತಪ್ಪಿಸಬಹುದಾದದ್ದು ಬಹಳ ಇದೆ.

ಎರಡನೆಯ ತುದಿಯ ಭಾರ ಎಷ್ಟೆಂದು ಈಚೆಗೆ ಲೆಕ್ಕ ಸಿಕ್ಕಿತು. ಬಾಕಿ ಇರುವ ಅಮಲ್ಜಾರಿ ಅರ್ಜಿಗಳನ್ನು ಆರು ತಿಂಗಳೊಳಗೆ ಮುಗಿಸಬೇಕು, ಹೈಕೋರ್ಟುಗಳು ತಮ್ಮ ಕೆಳಗಿನ ಕೋರ್ಟುಗಳ ಅಂಕಿ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2025ರ ಮಾರ್ಚ್‌ನಲ್ಲಿ ಹೇಳಿತು. ಅಕ್ಟೋಬರ್‌ನಲ್ಲಿ ಲೆಕ್ಕ ಒಟ್ಟುಗೂಡಿದಾಗ ದೇಶದಲ್ಲಿ 8.82 ಲಕ್ಷಕ್ಕೂ ಹೆಚ್ಚು ಅಮಲ್ಜಾರಿ ಅರ್ಜಿಗಳು ಬಾಕಿ ಇದ್ದವು. ಕರ್ನಾಟಕದ ಅಂಕಿ ಅಷ್ಟರೊಳಗೆ ಹೋಗಿರಲಿಲ್ಲ. ಅದಕ್ಕೆ ಕೋರ್ಟ್ ವಿವರಣೆ ಕೇಳಬೇಕಾಯಿತು. ಇವರೆಲ್ಲ ಹಣದ ದಾವೆಯಲ್ಲೋ ಸ್ವತ್ತಿನ ದಾವೆಯಲ್ಲೋ ಗೆದ್ದವರು. ಗೆದ್ದದ್ದನ್ನು ಕೈಗೆ ಕೊಡಿ ಎಂದು ಕೇಳುತ್ತಾ ಇನ್ನೂ ಸಾಲಿನಲ್ಲಿ ನಿಂತವರು.

ಹೆಣ್ಣುಮಕ್ಕಳ ಹಕ್ಕು ಮತ್ತು ಹಳೆಯ ದಾವೆಗಳು

ಪಾಲಿನ ದಾವೆ ಇವತ್ತು ಮತ್ತೆ ಬಿಸಿಯಾಗಿರುವುದಕ್ಕೆ ಒಂದು ಮುಖ್ಯ ಕಾರಣ ಹೆಣ್ಣುಮಕ್ಕಳ ಹಕ್ಕು. ಕರ್ನಾಟಕ 1994ರಲ್ಲೇ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು ಪಿತ್ರಾರ್ಜಿತದಲ್ಲಿ ಮಗಳಿಗೂ ಸಮಪಾಲು ಕೊಟ್ಟಿತ್ತು, ಆದರೆ ಅಷ್ಟರೊಳಗೆ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರ ತಿದ್ದುಪಡಿ ಆ ಭೇದವನ್ನು ತೆಗೆಯಿತು. ತಂದೆ ಆ ದಿನ ಬದುಕಿರಲೇಬೇಕೇ ಎಂಬ ಗೊಂದಲ ಹದಿನೈದು ವರ್ಷ ನಡೆದು, 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಕೊಟ್ಟ ವಿನೀತಾ ಶರ್ಮಾ ತೀರ್ಪಿನಲ್ಲಿ ಬಗೆಹರಿಯಿತು: ಮಗಳ ಹಕ್ಕು ಹುಟ್ಟಿನಿಂದ ಬರುವಂಥದ್ದು, ತಂದೆ ಬದುಕಿರಬೇಕೆಂಬ ನಿಯಮವಿಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲು ಆಗಿಹೋದ ಕ್ರಯ, ವಿಭಾಗಗಳಿಗೆ ಮಾತ್ರ ರಕ್ಷಣೆ ಉಂಟು.

ಅದೇ ತೀರ್ಪಿನ ಇನ್ನೊಂದು ಭಾಗ ಅಷ್ಟಾಗಿ ಚರ್ಚೆಯಾಗಲಿಲ್ಲ. ಪ್ರಾಥಮಿಕ ಡಿಕ್ರಿ ಆಗಿದ್ದರೂ ಅಂತಿಮ ಡಿಕ್ರಿ ಆಗುವ ತನಕ ಹಿಸ್ಸೆಗಳನ್ನು ಬದಲಿಸಬಹುದು. ಅಂದರೆ ಎರಡನೆಯ ಸುತ್ತಿಗೆ ಕೈ ಹಾಕದೆ ಕಪಾಟಿನಲ್ಲಿಟ್ಟ ಡಿಕ್ರಿ ಇನ್ನೂ ಹಸಿ ಮಣ್ಣಿನ ಗೋಡೆ. ನಡುವೆ ಯಾರಾದರೂ ತೀರಿಕೊಂಡರೆ, ಕಾನೂನು ಬದಲಾದರೆ, ಲೆಕ್ಕ ಮೊದಲಿನಿಂದ. ಹೆಣ್ಣುಮಕ್ಕಳಿಗೆ ಇದು ಅನುಕೂಲವಾಗಿಯೇ ಬಂದಿದೆ, ಬರಬೇಕಾದದ್ದೂ ಹೌದು. ಆದರೆ ಗೆದ್ದ ಮೇಲೆ ಸುಮ್ಮನೆ ಕೂರುವವರಿಗೆ ಎಚ್ಚರಿಕೆ ಕೂಡ ಇಲ್ಲೇ ಇದೆ.

ಮೊದಲ ತುದಿ: ವಾದಪತ್ರ

ಪಾಲಿನ ದಾವೆಯಲ್ಲಿ ಎಲ್ಲ ಹಿಸ್ಸೇದಾರರೂ ಇರಬೇಕು, ಎಲ್ಲ ಸ್ವತ್ತೂ ಇರಬೇಕು. ಓದಲು ಸುಲಭವಾದ ಈ ಒಂದು ವಾಕ್ಯವನ್ನು ಮರೆತು ಬಿದ್ದ ದಾವೆಗಳಿಗೆ ಲೆಕ್ಕವಿಲ್ಲ. ಅಣ್ಣತಮ್ಮಂದಿರನ್ನು ಸೇರಿಸಿ ಅಕ್ಕತಂಗಿಯರನ್ನು ಬಿಡುವುದು, ತೀರಿಕೊಂಡ ಅಕ್ಕನ ಮಕ್ಕಳನ್ನು ಬಿಡುವುದು, ತಾತನ ಎರಡನೇ ಸಂಸಾರದವರನ್ನು ಬೇಕೆಂದೇ ಬಿಡುವುದು, ಪಕ್ಕದ ತಾಲ್ಲೂಕಿನಲ್ಲಿ ತಂದೆಯ ಹೆಸರಿನಲ್ಲಿದ್ದ ಸೈಟನ್ನು ಷೆಡ್ಯೂಲಿಗೆ ಹಾಕದಿರುವುದು. ಎದುರಾಳಿಗೆ ಇದು ಮೊದಲ ದಿನವೇ ಗೊತ್ತಿರುತ್ತದೆ. ಅವರು ತಮ್ಮ ಉತ್ತರವಾದ ಲಿಖಿತ ಹೇಳಿಕೆಯಲ್ಲಿ ಒಂದು ಸಾಲು ಬರೆದಿಟ್ಟು ವಾದದ ಹಂತದವರೆಗೆ ಕಾಯುತ್ತಾರೆ. ಆಗ ವಾದಪತ್ರ ತಿದ್ದಲು ಹೋದರೆ, ವಿಚಾರಣೆ ಶುರುವಾದ ಮೇಲೆ ತಿದ್ದುಪಡಿಗೆ ಕಟ್ಟುನಿಟ್ಟಿನ ಷರತ್ತು ಎದುರಾಗುತ್ತದೆ: ಎಷ್ಟೇ ಜಾಗರೂಕತೆ ವಹಿಸಿದ್ದರೂ ಮೊದಲೇ ಎತ್ತಲು ಆಗುತ್ತಿರಲಿಲ್ಲ ಎಂದು ತೋರಿಸಬೇಕು. ಸ್ವಂತ ಅಕ್ಕನ ಹೆಸರು ಗೊತ್ತಿರಲಿಲ್ಲ ಎಂದು ಯಾರಿಗೆ ಹೇಳುವುದು?

ಆದ್ದರಿಂದ ವಕೀಲರ ಬಳಿ ಹೋಗುವ ಮೊದಲು ಮೂರು ಕಾಗದ ಕೈಯಲ್ಲಿರಬೇಕು. ಒಂದು, ಮೂಲಪುರುಷನಿಂದ ಹಿಡಿದು ತೀರಿಕೊಂಡವರ ದಿನಾಂಕ ಸಮೇತ ವಂಶವೃಕ್ಷ. ಎರಡು, ಪ್ರತಿ ಸರ್ವೆ ನಂಬರಿನ ಪಹಣಿ ಮತ್ತು ಅದರ ಹಿಂದಿನ ಹಕ್ಕು ಬದಲಾವಣೆಯ ದಾಖಲೆಗಳಾದ ಮ್ಯುಟೇಷನ್‌ಗಳು. ಇವತ್ತಿನ ಪಹಣಿ ಮಾತ್ರ ತಂದರೆ ಸ್ವತ್ತು ಯಾರಿಂದ ಯಾರಿಗೆ ಬಂತು ಎಂಬುದು ತಿಳಿಯದು. ಮೂರು, ಉಪನೋಂದಣಿ ಕಚೇರಿಯಿಂದ ಋಣಭಾರ ಪ್ರಮಾಣಪತ್ರ. ಮೂರನೆಯದರಿಂದ ತಿಳಿಯುವುದು ಬಹಳ ಮುಖ್ಯ: ನಡುವೆ ಯಾರಾದರೂ ಮಾರಿದ್ದಾರೆಯೇ, ಅಡವಿಟ್ಟಿದ್ದಾರೆಯೇ, ಹಕ್ಕು ಬಿಡುಗಡೆ ಪತ್ರ ಆಗಿದೆಯೇ. ದಾವೆಗೆ ಮೊದಲೇ ಕೊಂಡವರನ್ನೂ ಪ್ರತಿವಾದಿ ಮಾಡಬೇಕು. ಮಾಡದಿದ್ದರೆ ಡಿಕ್ರಿ ಅವರನ್ನು ಕಟ್ಟುವುದಿಲ್ಲ, ಅಮಲ್ಜಾರಿಯ ದಿನ ಜಮೀನಿನಲ್ಲಿ ನಿಂತು ತಡೆಯುವವರು ಅವರೇ.

ಚಕ್ಕುಬಂದಿ, ಅಂದರೆ ಸ್ವತ್ತಿನ ನಾಲ್ಕು ದಿಕ್ಕಿನ ಗಡಿ, ಬರೆಯುವುದರಲ್ಲಿ ಆಗುವ ತಪ್ಪು ಇನ್ನೂ ಸೂಕ್ಷ್ಮ. ಮೂವತ್ತು ವರ್ಷದ ಹಿಂದಿನ ಕ್ರಯಪತ್ರದ ಚಕ್ಕುಬಂದಿಯನ್ನು ಹಾಗೇ ಇಳಿಸುತ್ತಾರೆ. ಪೂರ್ವಕ್ಕಿದ್ದ ಜಮೀನಿನ ಮಾಲೀಕ ಬದಲಾಗಿದ್ದಾನೆ, ಉತ್ತರದ ಕಾಲುದಾರಿ ಟಾರು ರಸ್ತೆಯಾಗಿದೆ. ಅಳತೆಗೆಂದು ಕೋರ್ಟ್ ನೇಮಿಸಿದ ಕಮಿಷನರ್ ಸ್ಥಳಕ್ಕೆ ಹೋದಾಗ ಕಾಗದದ ಜಮೀನೂ ನೆಲದ ಜಮೀನೂ ತಾಳೆಯಾಗುವುದಿಲ್ಲ. ಹಳೆಯದನ್ನೂ ಈಗಿನದನ್ನೂ ಎರಡನ್ನೂ ಬರೆದರೆ ಈ ತೊಂದರೆ ಬಾರದು.

ಕೋರ್ಟ್ ಶುಲ್ಕದಲ್ಲಿ ಒಂದು ಕವಲುದಾರಿ ಇದೆ. ಕರ್ನಾಟಕದ 1958ರ ಕೋರ್ಟ್ ಶುಲ್ಕ ಕಾಯ್ದೆಯ 35ನೇ ಕಲಮಿನಂತೆ, ವಾದಿ ಜಂಟಿ ಸ್ವಾಧೀನದಲ್ಲಿ ಇದ್ದರೆ ನಿಗದಿತ ಶುಲ್ಕ, ಅದರ ಗರಿಷ್ಠ ಕೇವಲ 200 ರೂಪಾಯಿ. ಸ್ವಾಧೀನದಿಂದ ಹೊರಹಾಕಲ್ಪಟ್ಟಿದ್ದರೆ ತನ್ನ ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ ಶುಲ್ಕ. ಎಲ್ಲರೂ ಜಂಟಿ ಸ್ವಾಧೀನ ಎಂದೇ ಬರೆಯುತ್ತಾರೆ, ಅದರಲ್ಲಿ ತಪ್ಪಿಲ್ಲ. ಒಬ್ಬ ಹಿಸ್ಸೇದಾರನ ಸ್ವಾಧೀನ ಕಾನೂನಿನ ಕಣ್ಣಿಗೆ ಎಲ್ಲರ ಪರವಾದ ಸ್ವಾಧೀನ. ಮದುವೆಯಾಗಿ ಬೇರೆ ಊರಿನಲ್ಲಿ ಇದ್ದ ಮಾತ್ರಕ್ಕೆ ಮಗಳ ಸ್ವಾಧೀನ ತಪ್ಪಿಹೋಗುವುದಿಲ್ಲ. ತೊಂದರೆ ಬರುವುದು ಎರಡು ಪ್ಯಾರಾ ಬಿಟ್ಟು ಸಿಟ್ಟಿನಲ್ಲಿ ‘ಹತ್ತು ವರ್ಷದ ಹಿಂದೆಯೇ ನನ್ನನ್ನು ಜಮೀನಿಗೆ ಕಾಲಿಡದಂತೆ ಓಡಿಸಿದರು’ ಎಂದು ಬರೆಸಿದಾಗ. ಆ ಒಂದು ಸಾಲು ಶುಲ್ಕದ ಪ್ರಶ್ನೆಯನ್ನೂ ಎಬ್ಬಿಸುತ್ತದೆ, ಹೊರಹಾಕಿದ್ದು ತಿಳಿದ ದಿನದಿಂದ ಓಡುವ 12 ವರ್ಷದ ಕಾಲಮಿತಿಯನ್ನೂ ಎಬ್ಬಿಸುತ್ತದೆ.

ಸಮನ್ಸ್ ಎಂಬ ಜರಡಿ

ದಾವೆ ನಂಬರಾಗಿ ಸಮನ್ಸ್ ಹೊರಟ ಮೇಲೆ ನಿಜವಾದ ಕಾಯುವಿಕೆ ಶುರು. ಒಂದು ತಾರೀಖಿನಿಂದ ಮುಂದಿನ ತಾರೀಖಿಗೆ ಒಂದೂವರೆ ತಿಂಗಳು ಎಂದು ಹಿಡಿಯಿರಿ. ಹನ್ನೆರಡು ಪ್ರತಿವಾದಿಗಳಿದ್ದಾರೆ. ಒಂಬತ್ತು ಮಂದಿಗೆ ಮುಟ್ಟಿತು. ಒಬ್ಬರ ಮನೆಗೆ ಬೀಗ, ಒಬ್ಬರು ಆ ವಿಳಾಸದಲ್ಲಿ ಇಲ್ಲ, ಒಬ್ಬರು ದೊಡ್ಡ ಊರಿನಲ್ಲಿದ್ದು ಬಾಡಿಗೆ ಮನೆ ಬದಲಿಸಿದ್ದಾರೆ. ಮೂರು ಸಲ ಮರುಸಮನ್ಸ್, ಆಮೇಲೆ ಪತ್ರಿಕಾ ಪ್ರಕಟಣೆಗೆ ಅರ್ಜಿ, ಪ್ರಕಟವಾದ ಪತ್ರಿಕೆ ಹಾಜರುಪಡಿಸಲು ಇನ್ನೊಂದು ತಾರೀಖು: ಏಳೂವರೆ ತಿಂಗಳು ಅಲ್ಲಿಗೇ ಹೋಯಿತು. ಉಳಿದ ಒಂಬತ್ತು ಮಂದಿಯ ವಕೀಲರು ಪ್ರತಿ ಸಲ ಬಂದು ‘ಇತರರ ಸಮನ್ಸ್‌ಗಾಗಿ’ ಎಂಬ ಷರಾ ನೋಡಿ ಹೋಗುತ್ತಿರುತ್ತಾರೆ.

ಇಲ್ಲಿ ವಾದಿಯ ಕೈಯಲ್ಲೇ ಇರುವ ಕೆಲಸಗಳಿವೆ. ಪ್ರತಿ ಪ್ರತಿವಾದಿಗೂ ವಾದಪತ್ರದ ಪ್ರತಿ ಕೊಟ್ಟು, ಪ್ರೊಸೆಸ್ ಶುಲ್ಕ (ಸಮನ್ಸ್ ಕಳುಹಿಸುವ ಶುಲ್ಕ) ಸಕಾಲಕ್ಕೆ ಕಟ್ಟಬೇಕು. ಸಮನ್ಸ್ ಮುಟ್ಟದೆ ವಾಪಸಾದರೆ ಹೊಸ ಸಮನ್ಸಿಗೆ ಏಳು ದಿನದೊಳಗೆ ಕೇಳಬೇಕು. ಕೇಳದಿದ್ದರೆ ಆ ಪ್ರತಿವಾದಿಯ ಮಟ್ಟಿಗೆ ದಾವೆ ವಜಾ ಆಗಬಹುದು. ಸಮನ್ಸ್ ಮುಟ್ಟಿಸುವ ಕೋರ್ಟಿನ ಅಮೀನರು ಊರಿಗೆ ಹೋಗುವ ದಿನ ಮನೆ ತೋರಿಸಲು ಯಾರಾದರೂ ಜೊತೆಗಿದ್ದರೆ ಅರ್ಧ ಕೆಲಸ ಆದಂತೆ. ಪ್ರತಿವಾದಿ ಮನೆಯಲ್ಲಿಲ್ಲ, ಸದ್ಯಕ್ಕೆ ಸಿಗುವಂತೆಯೂ ಇಲ್ಲ ಎಂದಾದರೆ ಜೊತೆಯಲ್ಲಿ ವಾಸವಿರುವ ವಯಸ್ಕ ಕುಟುಂಬ ಸದಸ್ಯರಿಗೆ ಕೊಡಬಹುದು. ಮನೆಗೆಲಸದವರಿಗೆ ಕೊಟ್ಟರೆ ಲೆಕ್ಕಕ್ಕಿಲ್ಲ. ತೆಗೆದುಕೊಳ್ಳಲು ನಿರಾಕರಿಸಿದರೆ ಬಾಗಿಲಿಗೆ ಅಂಟಿಸಿ ವರದಿ ಬರೆಯಬೇಕು. ವರದಿಯಲ್ಲಿ ಮನೆ ಗುರುತಿಸಿದವರು ಯಾರು, ಯಾರ ಎದುರಿಗೆ ಅಂಟಿಸಿದ್ದು ಎಂದು ಇಲ್ಲದಿದ್ದರೆ ಮುಂದೆ ಏಕಪಕ್ಷೀಯ ಡಿಕ್ರಿ ರದ್ದಾಗಲು ಅದೇ ಕಾರಣವಾಗುತ್ತದೆ.

ಅಪ್ರಾಪ್ತ ವಯಸ್ಸಿನ ಪ್ರತಿವಾದಿ ಇದ್ದರೆ ದಾವೆಯ ಮಟ್ಟಿಗೆ ಪೋಷಕರನ್ನು ನೇಮಿಸುವ ಅರ್ಜಿ ಮೊದಲ ದಿನವೇ ಹೋಗಬೇಕು. ಪೋಷಕರಿಲ್ಲದೆ ಆದ ಡಿಕ್ರಿ ಆ ಮಗುವಿನ ವಿರುದ್ಧ ನಿಲ್ಲುವುದಿಲ್ಲ. ಹತ್ತು ವರ್ಷ ಕಳೆದು ಅದೇ ಮಗು ದೊಡ್ಡವನಾಗಿ ಬಂದು ಎಲ್ಲವನ್ನೂ ಅಲ್ಲಾಡಿಸಬಹುದು.

ಲಿಖಿತ ಹೇಳಿಕೆಗೆ ಕಾನೂನು ಕೊಟ್ಟಿರುವುದು 30 ದಿನ, ಹೆಚ್ಚೆಂದರೆ 90. ಸಾಮಾನ್ಯ ಸಿವಿಲ್ ದಾವೆಗಳಲ್ಲಿ ಇದು ಕಡ್ಡಾಯದ ಗೆರೆಯಲ್ಲ ಎಂದು ಸುಪ್ರೀಂ ಕೋರ್ಟ್ 2005ರಲ್ಲೇ ಹೇಳಿರುವುದರಿಂದ ದಂಡ ಕಟ್ಟಿಸಿಕೊಂಡು ತಡವಾಗಿಯೂ ತೆಗೆದುಕೊಳ್ಳುತ್ತಾರೆ. ವಾಣಿಜ್ಯ ದಾವೆಗಳಲ್ಲಿ ಮಾತ್ರ 120 ದಿನ ದಾಟಿದರೆ ಬಾಗಿಲು ಮುಚ್ಚಿದಂತೆಯೇ.

ನಡುವೆ ಸಾವು

ಪಾಲಿನ ದಾವೆಯಲ್ಲಿ ಪಕ್ಷಗಾರರು ಹೆಚ್ಚಾಗಿ ವಯಸ್ಸಾದವರು. ದಾವೆ ಹತ್ತು ವರ್ಷ ನಡೆದರೆ ಒಬ್ಬಿಬ್ಬರು ತೀರಿಕೊಳ್ಳುವುದು ಖಂಡಿತ. ಆಗ 90 ದಿನದೊಳಗೆ ಅವರ ವಾರಸುದಾರರನ್ನು ದಾಖಲೆಗೆ ತರಬೇಕು. ತರದಿದ್ದರೆ ಯಾರೂ ಆದೇಶ ಮಾಡಬೇಕಿಲ್ಲ, ತೀರಿಕೊಂಡವರ ಮಟ್ಟಿಗೆ ದಾವೆ ತಾನಾಗಿ ಬಿದ್ದುಹೋಗುತ್ತದೆ. ಅದನ್ನು ಎತ್ತಿ ನಿಲ್ಲಿಸಲು ಇನ್ನು 60 ದಿನ. ಅದೂ ದಾಟಿದರೆ ವಾರಸುದಾರರನ್ನು ಸೇರಿಸಲು ಒಂದು, ಬಿದ್ದುಹೋದದ್ದನ್ನು ರದ್ದುಪಡಿಸಲು ಒಂದು, ತಡವನ್ನು ಮನ್ನಿಸಲು ಒಂದು, ಹೀಗೆ ಮೂರು ಅರ್ಜಿ. ಮೂರಕ್ಕೂ ಆಕ್ಷೇಪಣೆ, ಮೂರಕ್ಕೂ ಆದೇಶ, ಆಮೇಲೆ ಹೊಸಬರಿಗೆ ಮತ್ತೆ ಸಮನ್ಸ್. ಹಿಸ್ಸೇದಾರರೆಲ್ಲರೂ ಬೇಕೇಬೇಕಾದ ದಾವೆ ಇದು. ಒಬ್ಬರ ಮಟ್ಟಿಗೆ ಬಿದ್ದರೆ ಇಡೀ ದಾವೆಗೇ ಅಪಾಯ.

ಇಲ್ಲಿ ಮೂರು ಸಂಗತಿ ತಿಳಿದಿದ್ದರೆ ಬಹಳ ಕಾಲ ಉಳಿಯುತ್ತದೆ. ತಾಯಿ ತೀರಿಕೊಂಡು ಅವರ ಮಕ್ಕಳೆಲ್ಲ ಆಗಲೇ ದಾವೆಯಲ್ಲಿದ್ದರೆ ಹೊಸಬರನ್ನು ತರಬೇಕಿಲ್ಲ, ಒಂದು ಮೆಮೊ ಕೊಟ್ಟು ದಾಖಲಿಸಿದರೆ ಸಾಕು. ಸಮನ್ಸ್ ಮುಟ್ಟಿಯೂ ಹಾಜರಾಗದೆ, ಲಿಖಿತ ಹೇಳಿಕೆಯನ್ನೂ ಕೊಡದೆ ಇದ್ದ ಪ್ರತಿವಾದಿ ತೀರಿಕೊಂಡರೆ ವಾರಸುದಾರರನ್ನು ತರುವುದರಿಂದ ವಿನಾಯಿತಿ ಕೇಳಬಹುದು, ಆದರೆ ಅದನ್ನು ತೀರ್ಪಿಗೆ ಮೊದಲೇ ಪಡೆಯಬೇಕು. ತನ್ನ ಪಕ್ಷಗಾರ ತೀರಿಕೊಂಡದ್ದು ತಿಳಿದ ವಕೀಲರು ಅದನ್ನು ಕೋರ್ಟಿಗೆ ತಿಳಿಸುವುದು ಕಾನೂನೇ ಹೊರಿಸಿದ ಕರ್ತವ್ಯ. ಒಂದೇ ಊರಿನವರೇ ಆದ ದಾಯಾದಿಗಳು ತಿಥಿ ಊಟಕ್ಕೂ ಹೋಗಿ ಬಂದು, ಆಮೇಲೆ ಸಾವಿನ ವಿಷಯ ತಿಳಿದಿರಲಿಲ್ಲ ಎಂದು ಅಫಿಡವಿಟ್ ಹಾಕಿದರೆ ಯಾವ ನ್ಯಾಯಾಧೀಶರೂ ನಂಬುವುದಿಲ್ಲ.

ತಡೆಯಾಜ್ಞೆ

ಸ್ವತ್ತು ಮಾರದಂತೆ ತಾತ್ಕಾಲಿಕ ತಡೆಯಾಜ್ಞೆ ಕೇಳುವುದು ಸಹಜ. ಮೇಲ್ನೋಟಕ್ಕೆ ಹಕ್ಕು ಕಾಣಬೇಕು, ಅನುಕೂಲದ ತಕ್ಕಡಿ ತನ್ನ ಕಡೆ ವಾಲಬೇಕು, ತುಂಬಲಾರದ ನಷ್ಟ ಇರಬೇಕು. ನೋಟಿಸ್ ಇಲ್ಲದೆ ಆಜ್ಞೆ ಸಿಕ್ಕರೆ ಅದೇ ದಿನ ಅಥವಾ ಮರುದಿನ ಅರ್ಜಿ, ದಾಖಲೆಗಳ ಪ್ರತಿಯನ್ನು ಎದುರಾಳಿಗೆ ಕಳುಹಿಸಿ ಅಫಿಡವಿಟ್ ಹಾಕಬೇಕು. ಇದನ್ನು ಮರೆತವರ ಆಜ್ಞೆ ತೆರವಾದದ್ದುಂಟು. ಅಂತಹ ಆಜ್ಞೆಯ ಅರ್ಜಿಯನ್ನು 30 ದಿನದಲ್ಲಿ ಇತ್ಯರ್ಥ ಮಾಡಬೇಕೆಂದು ಕಾನೂನು ಹೇಳುತ್ತದೆ. ಕೋರ್ಟುಗಳಲ್ಲಿ ಅದು ತಿಂಗಳುಗಟ್ಟಲೆ ನಡೆಯುತ್ತದೆ, ಆಮೇಲೆ ಮೇಲ್ಮನವಿ. ಮೂಲ ದಾವೆ ಅಲ್ಲಿಯವರೆಗೆ ಮಲಗಿರುತ್ತದೆ. ದಾವೆ ನಡೆಯುವಾಗ ಕೊಂಡವರು ತೀರ್ಪಿಗೆ ಬದ್ಧರು ಎಂದು ಸ್ವತ್ತು ವರ್ಗಾವಣೆ ಕಾಯ್ದೆಯ 52ನೇ ಕಲಮು ಹೇಳಿಯೇ ಇದೆ. ತಡೆಯಾಜ್ಞೆಗಾಗಿ ಎರಡು ವರ್ಷ ಹೋರಾಡುವುದಕ್ಕಿಂತ ಸಾಕ್ಷಿ ಹಂತಕ್ಕೆ ಬೇಗ ಹೋಗುವುದು ಅನೇಕ ದಾವೆಗಳಲ್ಲಿ ಲಾಭ.

ಬಿಳಿ ಹಾಳೆಯ ಪಾಲುಪಟ್ಟಿ

ಪ್ರತಿವಾದಿಯ ವಾದ ಬಹುಪಾಲು ನಾಲ್ಕರಲ್ಲಿ ಒಂದು: ಹಿಂದೆಯೇ ಪಾಲಾಗಿದೆ, ಸ್ವತ್ತು ಸ್ವಯಾರ್ಜಿತ, ವಿಲ್ ಇದೆ, ಹಕ್ಕು ಬಿಟ್ಟುಕೊಟ್ಟಿದ್ದಾರೆ. ವಿಲ್ ಎಂದವರು ಸಹಿ ಹಾಕಿದ ಇಬ್ಬರು ಸಾಕ್ಷಿಗಳಲ್ಲಿ ಬದುಕಿರುವ ಒಬ್ಬರನ್ನಾದರೂ ಕಟಕಟೆಗೆ ತರಬೇಕು. ನೋಂದಣಿಯಾಗಿದೆ ಎಂಬುದೊಂದೇ ಸಾಲದು. ಹಕ್ಕು ಬಿಟ್ಟಿದ್ದಾರೆ ಎಂದವರು ನೋಂದಾಯಿತ ಪತ್ರ ತೋರಿಸಬೇಕು.

ಹೆಚ್ಚು ಪೇಚಿಗೆ ಸಿಗುವುದು ಮೊದಲನೆಯದು. ಮನೆಯ ಟ್ರಂಕಿನಿಂದ ಒಂದು ಹಾಳೆ ಬರುತ್ತದೆ. ನಾಲ್ಕು ಮಡಿಕೆ, ಮಡಿಕೆಯ ಗೆರೆಯಲ್ಲಿ ಅಕ್ಷರ ಅಳಿಸಿವೆ, ಕೆಳಗೆ ಹೆಬ್ಬೆಟ್ಟು, ಪಂಚರ ಸಹಿ. ಊರ ಹಿರಿಯರು ಕೂತು ಮಾಡಿದ ಪಾಲುಪಟ್ಟಿ. ಅದನ್ನು ಸಾಕ್ಷ್ಯವಾಗಿ ಗುರುತು ಮಾಡಲು ಹೊರಟ ಕೂಡಲೇ ಎದುರಿನ ವಕೀಲರು ಎದ್ದು ನಿಲ್ಲುತ್ತಾರೆ. ಸರಿಯಾದ ಮುದ್ರಾಂಕ ಶುಲ್ಕ ಇಲ್ಲದ ದಸ್ತಾವೇಜನ್ನು ಕೋರ್ಟ್ ವಶಕ್ಕೆ ತೆಗೆದುಕೊಳ್ಳಬೇಕು. ಕರ್ನಾಟಕ ಮುದ್ರಾಂಕ ಕಾಯ್ದೆಯ 34ನೇ ಕಲಮಿನಂತೆ ಬಾಕಿ ಶುಲ್ಕವನ್ನೂ ಅದರ ಹತ್ತರಷ್ಟು ದಂಡವನ್ನೂ ಕಟ್ಟುವ ತನಕ ಅದು ಸಾಕ್ಷ್ಯವೇ ಅಲ್ಲ. ಕಟ್ಟಿದ ಮೇಲೂ, ನೋಂದಣಿ ಆಗಿಲ್ಲವಾದರೆ ಹಕ್ಕು ಸಾಬೀತು ಮಾಡಲು ಅದು ಬರುವುದಿಲ್ಲ, ಯಾರು ಯಾವ ಭಾಗದಲ್ಲಿದ್ದರು ಎಂಬಂತಹ ಪೂರಕ ಉದ್ದೇಶಕ್ಕೆ ಮಾತ್ರ. ಹೆಣ್ಣುಮಕ್ಕಳ ಹಕ್ಕಿನ ಎದುರು ಹಳೆಯ ಬಾಯಿಮಾತಿನ ಪಾಲು ನಿಲ್ಲಬೇಕಾದರೆ, ಪಹಣಿಗಳು ಬೇರೆಯಾದದ್ದು, ಕಂದಾಯ ಬೇರೆಬೇರೆ ಕಟ್ಟಿದ್ದು, ಇಂತಹ ಸಾರ್ವಜನಿಕ ದಾಖಲೆಯ ಬಲ ಇರಲೇಬೇಕು ಎಂದು 2020ರ ತೀರ್ಪು ಹೇಳಿದೆ. ಕಾಗದ ಹೀಗಿದೆ ಎಂದು ಮೊದಲೇ ತಿಳಿದವರು ಶುಲ್ಕ, ದಂಡದ ಲೆಕ್ಕ ಹಾಕಿ ಹಣ ಹೊಂದಿಸಿಕೊಂಡೇ ಸಾಕ್ಷಿಗೆ ಕೂರುತ್ತಾರೆ. ತಿಳಿಯದವರು ಆ ಒಂದು ಹಾಳೆಗಾಗಿ ಒಂದು ವರ್ಷ ಕಳೆಯುತ್ತಾರೆ.

ವಾಟ್ಸ್ಆ್ಯಪ್ ಸಂದೇಶ, ಧ್ವನಿಮುದ್ರಿಕೆ ಹಾಜರುಪಡಿಸುವವರಿಗೆ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು. ಪ್ರಮಾಣಪತ್ರ ಎರಡು ಭಾಗದಲ್ಲಿ: ಒಂದು ಪಕ್ಷಗಾರರದು, ಇನ್ನೊಂದು ತಜ್ಞರದು, ಫೈಲಿನ ಹ್ಯಾಷ್ ಮೌಲ್ಯ (ಫೈಲು ಬದಲಾಗಿಲ್ಲ ಎಂದು ತೋರಿಸುವ ಸಂಕೇತ) ಸಮೇತ. ಹಳೆಯ ಮಾದರಿಯ ಒಂದೇ ಪುಟದ ಅಫಿಡವಿಟ್ ಈಗ ಸಾಲದು.

ಇನ್ನೊಂದು ತುದಿ: ಅಂತಿಮ ಡಿಕ್ರಿ ಪ್ರಕ್ರಿಯೆ, ಅಂದರೆ ಎಫ್‌ಡಿಪಿ

ಪ್ರಾಥಮಿಕ ಡಿಕ್ರಿ ಆದ ದಿನ ಮಾಡಬೇಕಾದ ಮೊದಲ ಕೆಲಸ ನಕಲು ಅರ್ಜಿ ಹಾಕುವುದು. ಒಪ್ಪಿಗೆ ಇಲ್ಲದವರು ಆಗಲೇ ಮೇಲ್ಮನವಿ ಹೋಗಬೇಕು: ಜಿಲ್ಲೆಯೊಳಗಿನ ಮೇಲಿನ ಕೋರ್ಟಿಗೆ 30 ದಿನ, ಹೈಕೋರ್ಟಿಗೆ 90 ದಿನ; ನಕಲು ತಯಾರಾಗಲು ಹಿಡಿದ ದಿನಗಳು ಲೆಕ್ಕದಿಂದ ಕಳೆಯುತ್ತವೆ. ಅಂತಿಮ ಡಿಕ್ರಿ ಬಂದ ಮೇಲೆ ಎಲ್ಲವನ್ನೂ ಒಟ್ಟಿಗೆ ಪ್ರಶ್ನಿಸೋಣ ಎಂದು ಕೂತರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 97ನೇ ಕಲಮು ಅಡ್ಡ ಬರುತ್ತದೆ, ಹಿಸ್ಸೆಯ ಪ್ರಮಾಣವನ್ನು ಆಗ ಪ್ರಶ್ನಿಸುವಂತಿಲ್ಲ. ಗೆದ್ದವರು ತಿಳಿಯಬೇಕಾದದ್ದು: ಮೇಲ್ಮನವಿ ಹಾಕಿದ ಮಾತ್ರಕ್ಕೆ ಮುಂದಿನ ಕೆಲಸ ನಿಲ್ಲುವುದಿಲ್ಲ. ಮೇಲಿನ ಕೋರ್ಟ್ ತಡೆ ಕೊಟ್ಟಿದ್ದರೆ ಮಾತ್ರ ನಿಲ್ಲುತ್ತದೆ.

ಪಾಲಿನ ದಾವೆಯಲ್ಲಿ ಪ್ರಾಥಮಿಕ ಡಿಕ್ರಿಯಾದ ಕೂಡಲೇ ಪ್ರತ್ಯೇಕ ಅರ್ಜಿಗೆ ಕಾಯದೆ ಕೋರ್ಟೇ ತಾನಾಗಿ ಅಂತಿಮ ಡಿಕ್ರಿಯ ಕಡೆಗೆ ಹೋಗಬೇಕು ಎಂದು ಸುಪ್ರೀಂ ಕೋರ್ಟ್ 2022ರ ಜೂನ್‌ನಲ್ಲಿ ನಿರ್ದೇಶನ ಕೊಟ್ಟಿದೆ. ಕಾರಣ ಸರಳ: ದಾವೆ ಇನ್ನೂ ಮುಗಿದಿಲ್ಲ. ಅರ್ಜಿ ಹಾಕಿ, ಎಫ್‌ಡಿಪಿ ನಂಬರ್ ಪಡೆದು, ಎಲ್ಲ ಪ್ರತಿವಾದಿಗಳಿಗೆ ಮತ್ತೆ ನೋಟಿಸ್ ಕಳುಹಿಸುವ ಹಳೆಯ ರೂಢಿಯಲ್ಲಿ ಮೊದಲ ತುದಿಯ ಸಮನ್ಸ್ ಕತೆ ಪೂರ್ತಿ ಮರುಕಳಿಸುತ್ತದೆ. ತೀರ್ಪಿನ ದಿನವೇ ಆ ನಿರ್ದೇಶನದತ್ತ ಗಮನ ಸೆಳೆದು ಮುಂದಿನ ತಾರೀಖು ಕೇಳುವುದು ವಾದಿಯ ವಕೀಲರ ಕೆಲಸ. ಹಾಗೆ ಕೇಳುವವರು ಇನ್ನೂ ಕಡಿಮೆ ಎಂಬುದು ಬೇಸರದ ಸಂಗತಿ.

ಮುಂದೆ ಅಳತೆ. ಕಂದಾಯ ಜಮೀನನ್ನು ಭಾಗ ಮಾಡುವುದು ಬೇರೆ ರಾಜ್ಯಗಳಲ್ಲಿ ಜಿಲ್ಲಾಧಿಕಾರಿಯ ಕೆಲಸ. ಕರ್ನಾಟಕವು ಸಿವಿಲ್ ಪ್ರಕ್ರಿಯಾ ಸಂಹಿತೆಯ 54ನೇ ಕಲಮನ್ನು ತಿದ್ದಿಕೊಂಡಿದೆ: ಇಲ್ಲಿ ಭಾಗ ಮಾಡುವುದು ಕೋರ್ಟೇ, ಬೇಕಾದರೆ ತಹಶೀಲ್ದಾರರಿಗಿಂತ ಕೆಳಗಲ್ಲದ ಕಂದಾಯ ಅಧಿಕಾರಿ ಅಥವಾ ಕೋರ್ಟ್ ನೇಮಿಸಿದ ಕಮಿಷನರ್ ವರದಿ ಪಡೆದು. ಹಾಗಾಗಿ ಕಡತ ಕೋರ್ಟಿನಿಂದ ಕಚೇರಿಗೆ, ಕಚೇರಿಯಿಂದ ಸರ್ವೆಯರಿಗೆ ಹೋಗಿ ಬರುತ್ತದೆ. ಇಲ್ಲಿ ಕೆಡುವುದು ಹೀಗೆ. ಪಹಣಿಯಲ್ಲಿ 3 ಎಕರೆ 20 ಗುಂಟೆ, ಸರ್ವೆ ಇಲಾಖೆಯ ವಿಸ್ತೀರ್ಣದ ದಾಖಲೆಯಾದ ಆಕಾರಬಂದಿನಲ್ಲಿ 3 ಎಕರೆ 12 ಗುಂಟೆ, ನೆಲದ ಮೇಲೆ ಅಳೆದರೆ 3 ಎಕರೆ 9 ಗುಂಟೆ. ಐದನೇ ಒಂದು ಯಾವುದರಲ್ಲಿ? ಪೋಡಿ (ಸರ್ವೆ ನಂಬರನ್ನು ಭಾಗ ಮಾಡಿ ಗುರುತಿಸುವುದು) ಆಗಿಲ್ಲ, ಮೂಲ ನಕ್ಷೆಯಲ್ಲಿ ಆ ಹಿಸ್ಸಾ ನಂಬರೇ ಇಲ್ಲ ಎಂಬ ಷರಾದೊಂದಿಗೆ ಕಡತ ಕೋರ್ಟಿಗೆ ವಾಪಸು. ಅಥವಾ ಅಳತೆಯ ನೋಟಿಸ್ ಒಬ್ಬ ಹಿಸ್ಸೇದಾರರಿಗೆ ಹೋಗಿಲ್ಲ. ಅವರು ವರದಿಗೆ ಆಕ್ಷೇಪಣೆ ಹಾಕಿದರೆ ಮತ್ತೆ ಅಳತೆ.

ಸರ್ವೆಯರ್ ಬರುವ ಮೊದಲೇ ಪಹಣಿ, ಆಕಾರಬಂದು, ಮೂಲ ಟಿಪ್ಪಣಿ (ಮೊದಲ ಸರ್ವೆಯ ಅಳತೆ ದಾಖಲೆ) ಮೂರನ್ನೂ ತೆಗೆಸಿ ತಾಳೆ ನೋಡಿ, ವ್ಯತ್ಯಾಸ ಇದ್ದರೆ ಕೋರ್ಟಿಗೆ ಹೇಳಿ ‘ಸ್ಥಳದಲ್ಲಿ ಸಿಗುವ ವಿಸ್ತೀರ್ಣವನ್ನು ಹಿಸ್ಸೆಯಂತೆ’ ಎಂದು ಕಮಿಷನರ್ ವಾರಂಟಿನಲ್ಲೇ (ಅವರಿಗೆ ಕೋರ್ಟ್ ಕೊಡುವ ಆದೇಶಪತ್ರ) ಬರೆಸಿದರೆ ಒಂದು ಸುತ್ತು ಉಳಿಯುತ್ತದೆ. ಬಾವಿ, ಬೋರ್‌ವೆಲ್, ತೆಂಗಿನ ಮರ, ದಾರಿ ಹೇಗೆ ಎಂಬುದಕ್ಕೂ ವಾರಂಟಿನಲ್ಲಿ ಸೂಚನೆ ಬೇಕು. ಸಮ ವಿಸ್ತೀರ್ಣ ಎಂದರೆ ಸಮ ಬೆಲೆ ಎಂದಲ್ಲ. ರಸ್ತೆ ಬದಿಯ ಪಾಲು ಪಡೆದವರು ಉಳಿದವರಿಗೆ ಹಣದಲ್ಲಿ ಸರಿದೂಗಿಸುವಂತೆ ಕೋರ್ಟ್ ಹೇಳಬಹುದು. ಎರಡು ಕೋಣೆಯ ಮನೆಯನ್ನು ಐವರಿಗೆ ಹಂಚುವುದು ಅಸಾಧ್ಯವಾದಾಗ 1893ರ ವಿಭಾಗ ಕಾಯ್ದೆ ಇದೆ: ಅರ್ಧ ಅಥವಾ ಹೆಚ್ಚು ಪಾಲಿನವರು ಕೇಳಿದರೆ ಮಾರಾಟ, ಅಥವಾ ಕೋರ್ಟ್ ಕಟ್ಟಿಸಿದ ಬೆಲೆಗೆ ಉಳಿದ ಹಿಸ್ಸೇದಾರರೇ ಕೊಳ್ಳುವುದು.

ನಕ್ಷೆ ಬಂದ ದಿನ ರಾಜಿಗೆ ಹೇಳಿ ಮಾಡಿಸಿದ ದಿನ. ಅಲ್ಲಿಯವರೆಗೆ ಎಲ್ಲರೂ ಜಗಳವಾಡುತ್ತಿದ್ದದ್ದು ಮನಸ್ಸಿನಲ್ಲಿದ್ದ ಜಮೀನಿಗಾಗಿ. ಈಗ ಕಣ್ಣೆದುರಿಗೆ ಗೆರೆ ಇದೆ. ಮಧ್ಯಸ್ಥಿಕೆ ಕೇಂದ್ರಕ್ಕಾಗಲಿ ಲೋಕ ಅದಾಲತ್‌ಗಾಗಲಿ ಆ ನಕ್ಷೆ ಹಿಡಿದು ಹೋದರೆ ಮಾತು ಬೇಗ ಮುಗಿಯುತ್ತದೆ. ಲೋಕ ಅದಾಲತ್ತಿನ ಐತೀರ್ಪಿನ ಮೇಲೆ ಮೇಲ್ಮನವಿ ಇಲ್ಲ, ಕೋರ್ಟ್ ಶುಲ್ಕವೂ ವಾಪಸು. ರಾಜಿ ಪತ್ರದಲ್ಲಿ ಎಲ್ಲ ಹಿಸ್ಸೇದಾರರ ಸಹಿ ಇರಬೇಕು, ನಕ್ಷೆಯನ್ನು ಅದಕ್ಕೆ ಲಗತ್ತಿಸಬೇಕು, ಅಪ್ರಾಪ್ತರಿದ್ದರೆ ಅವರ ಪರವಾಗಿ ರಾಜಿಗೆ ಕೋರ್ಟಿನ ಅನುಮತಿ ಪ್ರತ್ಯೇಕವಾಗಿ ದಾಖಲಾಗಬೇಕು. ದಾವೆಯಲ್ಲಿ ಇಲ್ಲದ ಸ್ವತ್ತನ್ನು ರಾಜಿಯೊಳಗೆ ತಂದರೆ ಆ ಡಿಕ್ರಿಗೆ ನೋಂದಣಿ ಬೇಕು, ಇದನ್ನು ಮರೆತ ರಾಜಿಗಳು ಉಪನೋಂದಣಿ ಕಚೇರಿಯಲ್ಲಿ ಸಿಕ್ಕಿಬೀಳುತ್ತವೆ.

ರಾಜಿ ಆಗದಿದ್ದರೆ ಅಂತಿಮ ಡಿಕ್ರಿಯನ್ನು ಛಾಪಾ ಕಾಗದದ ಮೇಲೆ ಬರೆಸಬೇಕು. ಯಾರು ಎಷ್ಟು ಶುಲ್ಕ ಕೊಡಬೇಕು ಎಂದು ಜಗಳವಾಡುತ್ತಾ ಇದನ್ನು ವರ್ಷಗಟ್ಟಲೆ ಮುಂದೂಡುವವರಿದ್ದಾರೆ. ಅಮಲ್ಜಾರಿಯ 12 ವರ್ಷದ ಕಾಲಮಿತಿ ಡಿಕ್ರಿಯ ದಿನಾಂಕದಿಂದಲೇ ಓಡುತ್ತದೆ, ಛಾಪಾ ಕಾಗದ ತಂದ ದಿನದಿಂದಲ್ಲ ಎಂದು ಸುಪ್ರೀಂ ಕೋರ್ಟ್ 2005ರಲ್ಲಿ ಸ್ಪಷ್ಟಪಡಿಸಿದೆ.

ಅಮಲ್ಜಾರಿಯಲ್ಲಿ ಅಮೀನರು ಸರ್ವೆಯರ್ ಜೊತೆ ಸ್ಥಳಕ್ಕೆ ಹೋಗಿ ಕಲ್ಲು ನೆಟ್ಟು ಸ್ವಾಧೀನ ಕೊಡಿಸುತ್ತಾರೆ. ಆಗ ಯಾರಾದರೂ ಅಡ್ಡ ನಿಂತು ತನ್ನದೇ ಹಕ್ಕು ಎಂದರೆ, ಅದು ಗೇಣಿಯೋ ಕ್ರಯವೋ ಏನೇ ಇರಲಿ, ಆ ಪ್ರಶ್ನೆಯನ್ನು ಅಮಲ್ಜಾರಿ ಕೋರ್ಟೇ ತೀರ್ಮಾನಿಸಬೇಕು, ಹೊಸ ದಾವೆಗೆ ಕಳುಹಿಸುವಂತಿಲ್ಲ. ದಾವೆ ನಡೆಯುವಾಗ ಸೋತವರಿಂದ ಕೊಂಡವರಿಗೆ ಹೀಗೆ ಅಡ್ಡಿಪಡಿಸುವ ಹಕ್ಕೇ ಇಲ್ಲ. ಆದ್ದರಿಂದ ಅಡ್ಡಿಯಾದ ದಿನ ಅಮೀನರ ವರದಿಯಲ್ಲಿ ಅಡ್ಡಿ ಮಾಡಿದವರ ಹೆಸರು, ಅವರು ಹೇಳಿದ ಕಾರಣ, ತೋರಿಸಿದ ಕಾಗದ ಇಷ್ಟೂ ಬರಬೇಕು. ‘ಗಲಾಟೆಯಿಂದ ಸಾಧ್ಯವಾಗಲಿಲ್ಲ’ ಎಂಬ ಒಂದೇ ಸಾಲಿನ ವರದಿಯಿಂದ ಮುಂದಿನ ಅರ್ಜಿಗೆ ಏನೂ ಬಲ ಬಾರದು. 30 ದಿನದೊಳಗೆ ಅಡ್ಡಿ ತೆರವಿನ ಅರ್ಜಿ ಹಾಕಿ, ಪೊಲೀಸ್ ನೆರವು ಬೇಕಿದ್ದರೆ ಅದನ್ನೂ ಕೇಳಬೇಕು.

ಸ್ವಾಧೀನ ಸಿಕ್ಕ ಮೇಲೆ ವರದಿ, ಅಂತಿಮ ಡಿಕ್ರಿ, ನಕ್ಷೆಯ ದೃಢೀಕೃತ ನಕಲುಗಳೊಂದಿಗೆ ಮ್ಯುಟೇಷನ್‌ಗೆ ಅರ್ಜಿ ಹೋಗುತ್ತದೆ. ಆ ದಿನ ಪಹಣಿಯ 11ನೇ ಕಾಲಂ ಒಮ್ಮೆ ನೋಡಬೇಕು. ದಾವೆಯ ಮೊದಲ ವರ್ಷದಲ್ಲಿ ತಂದಿದ್ದ ತಡೆಯಾಜ್ಞೆಯ ಷರಾ ಇನ್ನೂ ಅಲ್ಲೇ ಇರುತ್ತದೆ. ಕೋರ್ಟ್ ಮುಗಿಸಿದೆ ಎಂದು ಅದು ತಾನಾಗಿ ಅಳಿಸಿಹೋಗುವುದಿಲ್ಲ. ದಾವೆ ಇತ್ಯರ್ಥವಾದ ಆದೇಶದ ನಕಲು ಕೊಟ್ಟು ತೆಗೆಸಬೇಕು.